ಗುಳಿಗೆಯ ಸಿಪ್ಪೆ

ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಮೊದಲು ನನ್ನವ್ವ ಈ ದೂರು ಹೇಳುತ್ತಿದ್ದಳು, ಮದುವೆಯಾದ ಮೇಲೆ ಗಂಡ ಹೇಳಿದ, ಈಗ ನಮ್ಮ ಡಾಕ್ಟರ್ ಸಂಗಮೇಶ್ ಹೇಳುತ್ತಾರೆ. ಆದರೆ ಇದೇ ಗುಣ ಹದಿನಾಲ್ಕು ವರ್ಷದಿಂದ ನನಗೆ ಅನ್ನ ಹಾಕಿದೆ. ಒಂದೇ ಒಂದು ಸಲ, ಕುರುಗೋಡಿನಲ್ಲಿ, ಅದು ಒಂದು ಜೀವಕ್ಕೆ ಸಂಚಕಾರ ತರುವ ಮಟ್ಟಕ್ಕೆ ಹೋಯಿತು. ಬೇರೆಯವರು ಅದನ್ನು ತಿದ್ದಿ, ನನ್ನನ್ನು ಒಳ್ಳೆಯವಳನ್ನಾಗಿ ಮಾಡಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಾನು ಶಾಂಭವಿ, ನರ್ಸ್. ಮನೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಮನಸ್ಸಿನ ಕಾಯಿಲೆಯವರನ್ನು ಅವರವರ ಊರಿಗೇ ಹೋಗಿ ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ. ಸೋಮವಾರ ಕುರುಗೋಡು, ಮಂಗಳವಾರ ಸಿರುಗುಪ್ಪ, ಉಳಿದ ದಿನಗಳಲ್ಲಿ ಬಳ್ಳಾರಿಯ ಓಣಿಗಳು. ಡಾಕ್ಟರು ತಿಂಗಳಿಗೊಮ್ಮೆ ಬಂದು ಔಷಧಿ ಬರೆದುಕೊಟ್ಟು ಹೋಗುತ್ತಾರೆ. ಬರೆದದ್ದು ಜನರ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳುವ ಕೆಲಸ ನನ್ನದು. ಎರಡರಲ್ಲಿ ಯಾವುದು ಕಷ್ಟ ಎಂದು ಅವರನ್ನೇ ಕೇಳಿ, ಅವರೂ ಒಪ್ಪುತ್ತಾರೆ.

ಕುರುಗೋಡಿನ ಸಮುದಾಯ ಭವನದಲ್ಲಿ ನಮ್ಮ ಗುಂಪು ಸೇರುತ್ತಿತ್ತು. ಹನ್ನೊಂದು ಹೆಂಗಸರು. ಜಮಖಾನೆಯ ಮೇಲೆ ದುಂಡಗೆ ಕೂತು ಒಬ್ಬೊಬ್ಬರೂ ಹೇಗಿದ್ದೇವೆಂದು ಹೇಳುವುದು, ಮುಗಿದ ಔಷಧಿಯ ಖಾಲಿ ಶೀಟನ್ನು ನನಗೆ ತೋರಿಸುವುದು, ಹೊಸದನ್ನು ಒಯ್ಯುವುದು. ಖಾಲಿ ಶೀಟಿನ ನಿಯಮ ನನ್ನದೇ. ಅದರ ಬಗ್ಗೆ ನನಗೆ ಭಾರಿ ಹೆಮ್ಮೆಯಿತ್ತು. ಶೀಟು ಖಾಲಿಯಾಗಿದ್ದರೆ ಗುಳಿಗೆ ಹೊಟ್ಟೆಯಲ್ಲಿದೆ ಎಂದೇ ನಾನು ತಿಳಿದಿದ್ದೆ.

ಆ ಗುಂಪಿನಲ್ಲಿ ನನ್ನ ಕಣ್ಮಣಿ ಕೊಟ್ರಬಸಮ್ಮ. ಐವತ್ನಾಲ್ಕು ವರ್ಷ, ರೊಟ್ಟಿ ಬಡಿಯುವುದರಲ್ಲಿ ಊರಿಗೇ ಹೆಸರು. ಅವರ ಮನೆಯ ಜೋಳದ ರೊಟ್ಟಿ ಬಳ್ಳಾರಿಯ ಮೂರು ಖಾನಾವಳಿಗಳಿಗೆ ಬಸ್ಸಿನಲ್ಲಿ ಹೋಗುತ್ತದೆ. ಹೋದ ವರ್ಷ ಇದ್ದಕ್ಕಿದ್ದಂತೆ ಅವರಿಗೆ ಬದುಕು ಬೇಡವಾಯಿತು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ, ಹೊಲ ಚೆನ್ನಾಗಿಯೇ ಬೆಳೆದಿತ್ತು. ಕಾರಣವಿಲ್ಲದೆ ಬಂದದ್ದಕ್ಕೇ ಅವರಿಗೆ ಇನ್ನಷ್ಟು ನಾಚಿಕೆ. ಒಂದು ಮಧ್ಯಾಹ್ನ ಅವರು ಕಾಲುವೆಯ ಕಡೆ ನಡೆದುಹೋದರು. ನೀರು ಬಿಡುವ ಮಾರೇಶ್ ನೋಡಿ, ಕೈಹಿಡಿದು ಮನೆಗೆ ತಂದು ಬಿಟ್ಟ. ಆ ವಾರವೇ ಅವರು ನಮ್ಮಲ್ಲಿಗೆ ಬಂದರು. ನಾಲ್ಕು ತಿಂಗಳು ಔಷಧಿ ನುಂಗಿದರು, ಮತ್ತೆ ಒಲೆಯ ಮುಂದೆ ಕೂತರು, ಮತ್ತೆ ನಕ್ಕರು.

ನಾನು ಸುಮ್ಮನಿರುತ್ತೇನೆಯೇ? ಸಿರುಗುಪ್ಪದಲ್ಲಿ ಒಂದು ದೊಡ್ಡ ಜಾಗೃತಿ ಕಾರ್ಯಕ್ರಮಕ್ಕೆ ಅವರನ್ನು ಕರೆದೊಯ್ದೆ. ವೇದಿಕೆಯ ಮೇಲೆ ಕುರ್ಚಿ ಹಾಕಿಸಿದೆ, ಶಾಲು ಹೊದಿಸಿದೆ, ಮೈಕು ಹಿಡಿದು, "ಇವರನ್ನ ನೋಡ್ರಿ, ಪೂರ್ತಿ ಆರಾಮ ಆಗ್ಯಾರ, ನೀವೂ ಹಿಂಗ ಆಗ್ತೀರಿ" ಅಂದೆ. ಜನ ಚಪ್ಪಾಳೆ ತಟ್ಟಿದರು. ಕೊಟ್ರಬಸಮ್ಮ ತಲೆ ಬಗ್ಗಿಸಿ ಕೂತಿದ್ದರು. ಅದು ಸಂಕೋಚ ಎಂದುಕೊಂಡೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಕಾರಹುಣ್ಣಿಮೆ ಮುಗಿದ ಸೋಮವಾರ. ಗುಂಪಿನಲ್ಲಿ ದುರುಗಮ್ಮ ಎಂಬವಳಿದ್ದಳು. ಸಂತೆಯಲ್ಲಿ ಒಣಮೀನು ಮಾರುವವಳು. ಸರಿಯಾದ ನಿದ್ದೆಯಿಲ್ಲದೆ ಎರಡು ವರ್ಷ ಕಳೆದಿದ್ದರೂ ಬಾಯಿ ಮಾತ್ರ ಹರಳು ಹುರಿದಂತೆ. ಅವಳು ಬಂದರೆ ಗುಂಪಿಗೆ ಕಳೆ. ನನಗೂ ಅವಳ ಮೇಲೆ ಸಲಿಗೆ, ಏಕೆಂದರೆ ದಣಿದು ಬಂದ ದಿನ ನನ್ನನ್ನು ನಗಿಸುತ್ತಿದ್ದವಳು ಅವಳೊಬ್ಬಳೇ. ಅವಳು ಹಸಿರು ಕ್ಯಾಪ್ಸೂಲೊಂದನ್ನು ಬೆರಳಲ್ಲಿ ಹಿಡಿದು ಕೇಳಿದಳು:

"ಮೇಡಂ, ಈ ಗುಳಿಗಿ ಸಿಪ್ಪಿ ಪ್ಲಾಸ್ಟಿಕ್ ಏನ್ರಿ? ಹೊಟ್ಯಾಗ ಹಂಗ ಕುಂದರ್ತೈತೇನು?"

ಪ್ಲಾಸ್ಟಿಕ್ಕೆಂದು ಹೆದರಿ ಯಾರಾದರೂ ಬಿಟ್ಟುಬಿಟ್ಟರೆ? ತಕ್ಷಣ ಉತ್ತರ ಕೊಟ್ಟೆ. "ಏ ಪ್ಲಾಸ್ಟಿಕ್ ಅಲ್ಲ ಮಾರಾಯ್ತಿ. ದನದ ಎಲುಬು ಕುದಿಸಿ ತೆಗೆದ ಅಂಟು ಅದು. ಹೊಟ್ಯಾಗ ಬೆಣ್ಣಿ ಕರಗಿದಂಗ ಕರಗ್ತೈತಿ."

"ಎಲುಬಾ? ಹಂಗಾದ್ರ ನಮಗ ಇನ್ನೂ ಚಲೋ ಬಿಡ್ರಿ, ಸಾರು ಕುಡದಂಗ ಆಕೈತಿ" ಅಂದಳು ದುರುಗಮ್ಮ. ಎಲ್ಲರೂ ನಕ್ಕರು. ಎಲ್ಲರೂ ಎಂದು ನಾನು ಅಂದುಕೊಂಡೆ.

ಆ ಜಮಖಾನೆಯ ಮೇಲೆ ಲಿಂಗ ಕಟ್ಟಿಕೊಂಡವರು ಆರು ಮಂದಿ ಇದ್ದರು. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದವರು. ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವಳು, ನನ್ನ ಕೊರಳಲ್ಲೂ ಲಿಂಗವಿದೆ. ಆದರೂ ನನಗೆ ಹೊಳೆಯಲಿಲ್ಲ. ನರ್ಸಿಂಗ್ ಓದುವಾಗ ಕಲಿತದ್ದು ನಾಲಿಗೆಯ ತುದಿಯಲ್ಲಿತ್ತು, ಅವ್ವನ ಅಡುಗೆಮನೆ ಮರೆತುಹೋಗಿತ್ತು.

ಮುಂದಿನ ಎಂಟು ವಾರ ಶೀಟುಗಳು ಚಾಚೂ ತಪ್ಪದೆ ಖಾಲಿಯಾಗಿ ಬಂದವು. ಒಂದು ಗುಳಿಗೆಯೂ ಉಳಿದಿರುತ್ತಿರಲಿಲ್ಲ. ನಾನು ಉಬ್ಬಿಹೋಗಿದ್ದೆ.

ಶ್ರಾವಣದ ಮೂರನೆಯ ಸೋಮವಾರ ಗುಂಪು ಮುಗಿಸಿ ಹೊರಗೆ ಬಂದರೆ, ಕೊಟ್ರಬಸಮ್ಮನ ಸೊಸೆ ಸುಧಾರಾಣಿ ಗೇಟಿನ ಬಳಿ ನಿಂತಿದ್ದಳು. ಅತ್ತೆ ಬಸವಣ್ಣನ ಗುಡಿಗೆ ಹೋಗಿದ್ದಾರೆ, ಮನೆಗೆ ಬಂದು ನೀರು ಕುಡಿದು ಹೋಗಿ ಅಂದಳು. ಅವಳ ಮುಖ ನೋಡಿದರೆ ಇದು ನೀರಿನ ಮಾತಲ್ಲವೆಂದು ತಿಳಿಯಿತು. ಅವಳ ಹಿಂದೆ ಹೋದೆ.

"ಕಾಲು ತೊಳಕೋರಿ ಮೇಡಂ" ಎಂದು ಬಚ್ಚಲಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ನೀರು ಕಾಯಿಸುವ ಹಂಡೆಯ ಮೇಲಿನ ಗೂಡಿಗೆ ಕೈ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಮುಚ್ಚಳ ತೆಗೆದೆ. ಒಳಗೆ ಹಸಿರು ಕ್ಯಾಪ್ಸೂಲ್‌ಗಳು. ಬಚ್ಚಲ ಹಬೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು ಡಬ್ಬಿಯ ಅರ್ಧಕ್ಕೆ ಬಂದಿದ್ದವು.

"ಯಾವಾಗಿಂದ?"

"ಕಾರಹುಣ್ಣಿಮಿ ಆದ ಮ್ಯಾಲಿಂದ್ರಿ. ಎಲುಬಿಂದು ಅಂತ ನೀವ ಹೇಳಿದ್ರಂತಲ್ರಿ. ಲಿಂಗ ಹಿಡಿಯೋ ಕೈಲೆ ಅದನ್ನ ಹೆಂಗ ಬಾಯಿಗಿಡ್ಲಿ ಅಂತಾರ."

"ಹಂಗಾದ್ರ ಒಗೀಬೇಕಿತ್ತಲ್ಲ! ಯಾಕ ಕೂಡಿಟ್ಟಾರ?"

ಸುಧಾರಾಣಿ ಮಗುವಿಗೆ ಲೆಕ್ಕ ಬಿಡಿಸಿ ಹೇಳುವಂತೆ ಹೇಳಿದಳು. "ಎಲ್ಲಿ ಒಗೀತೀರಿ? ಒಲಿಗೆ ಹಾಕಿದ್ರ ಅಡಗಿ ಮಾಡೋ ಬೆಂಕ್ಯಾಗ ಎಲುಬು ಸುಟ್ಟಂಗ. ತಿಪ್ಪಿಗೆ ಹಾಕಿದ್ರ ಆಕಳ ಬಾಯಿ ಹಾಕ್ತೈತಿ, ಆಕಳ ಎಲುಬು ಆಕಳಿಗೇ ತಿನಿಸಿದ ಪಾಪ. ಗಟಾರಕ್ಕ ಒಗದ್ರ ಔಷಧಕ್ಕ ಅವಮಾನ. ನಿಮಗ ವಾಪಸ್ ಕೊಟ್ರ ನಿಮಗ ಬ್ಯಾಸರ. ಅದಕ್ಕ ದಿನಾ ಒಂದೊಂದು ಬಿಡಿಸಿ ಇದರಾಗ ಹಾಕ್ತಾರ."

ಇಷ್ಟು ಸರಿಯಾಗಿ ಯೋಚಿಸಿದ ತಪ್ಪನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಪ್ರತಿಯೊಂದು ಹೆಜ್ಜೆಗೂ ಕಾರಣವಿತ್ತು. ಆ ಕಾರಣಗಳೆಲ್ಲ ಸೇರಿ, ಒಮ್ಮೆ ಸಾಯಲು ಹೊರಟಿದ್ದ ಹೆಂಗಸಿನ ಮನೆಯಲ್ಲಿ ಒಂದು ಡಬ್ಬಿ ಔಷಧಿ ಕೂಡಿಟ್ಟಿದ್ದವು.

"ಈಗ ಹೆಂಗದಾರ?" ಅಂದೆ.

"ನೂರು ರೊಟ್ಟಿ ಬಡಿಯೋರು ಇಪ್ಪತ್ತಕ್ಕ ಕೈ ಬಿಡ್ತಾರ. ಊಟ ಸೇರವಲ್ದು. ಎರಡು ದಿನ ಆತು, ಬಚ್ಚಲಕ್ಕ ಹೋದ್ರ ಭಾಳ ಹೊತ್ತು ಬರಂಗಿಲ್ಲ. ನೀರಿನ ಸಪ್ಪಳನೂ ಇರಂಗಿಲ್ಲ." ಬಾಗಿಲ ಕಡೆ ಒಮ್ಮೆ ನೋಡಿದಳು. "ನಿಮಗ ಹೇಳಿದ್ರ ನನ್ನ ಕೂಡ ಮಾತ ಬಿಡ್ತೀನಿ ಅಂದಾರ್ರಿ. ಬಿಟ್ರ ಬಿಡ್ಲಿ ಅಂತ ಕರಕೊಂಡು ಬಂದೆ."

ಅವಳ ಬೆನ್ನು ತಟ್ಟಿದೆ. ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಮನೆಯಲ್ಲಿ ಬೇರೆ ಏನೇನಿದೆ ಎಂದು ಕೇಳಿ, ಹತ್ತಿಗೆ ಹೊಡೆಯುವ ಔಷಧಿಯನ್ನು ಈಗಲೇ ಪಕ್ಕದ ಮನೆಗೆ ಕೊಟ್ಟು ಬಾ ಎಂದು ಅವಳನ್ನು ಕಳಿಸಿದೆ. ಆಮೇಲೆ ಪಡಸಾಲೆಯಲ್ಲಿ ಕೂತು ಕಾದೆ.

ಕೊಟ್ರಬಸಮ್ಮ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಿಲ್ವಪತ್ರೆ. ನನ್ನನ್ನು ನೋಡಿ ನಕ್ಕರು. ಎಂಟು ವಾರ ಗುಂಪಿನಲ್ಲಿ ನಕ್ಕದ್ದೂ ಇದೇ ನಗು. ಕಣ್ಣಿಗೆ ಮುಟ್ಟದ ನಗು ಅದು, ನಾನು ನೋಡಿರಲೇ ಇಲ್ಲ.

"ಆರಾಮ ಅದೀನ್ರಿ ಮೇಡಂ" ಅಂದರು, ನಾನು ಕೇಳುವ ಮೊದಲೇ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಮಾಡಿದರೂ ನನಗೇ ಸುಳ್ಳು ಹೇಳುತ್ತೀರಾ ಎಂದು ಕೂಗಬೇಕೆಂದು ಬಾಯಿ ತೆರೆದೆ. ಆದರೆ ಅವರಿಗೆ ಸುಳ್ಳು ಹೇಳುವ ಗತಿ ತಂದವಳು ಯಾರು? ನಾನೇ. ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು.

"ಅಕ್ಕಾ, ಡಬ್ಬಿ ನನ್ನ ಚೀಲದಾಗೈತಿ. ತಪ್ಪು ನಿಮ್ಮದಲ್ಲ, ನಂದು. ನೀವು ಏನು ತಿಂತೀರಿ, ಏನು ತಿನ್ನಂಗಿಲ್ಲ ಅಂತ ಕೇಳದ ಕೊಟ್ಟಾಕಿ ನಾನು." ಆಮೇಲೆ, ಕೇಳಲೇಬೇಕಾದದ್ದನ್ನು ಸುತ್ತಿ ಬಳಸದೆ ಕೇಳಿದೆ. "ಸಾಯಬೇಕು ಅನ್ನೋ ವಿಚಾರ ಬರ್ತೈತೇನಕ್ಕಾ?"

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಬರುವುದಿಲ್ಲ. ಇದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ, ಅಷ್ಟೇ. ಇದನ್ನು ನಾನು ನೂರಾರು ಜನರಿಗೆ ಕಲಿಸಿದ್ದೇನೆ. ಆದರೂ ಆ ದಿನ ಉತ್ತರಕ್ಕೆ ಕಾಯುವುದು ನನಗೇ ಕಷ್ಟವಾಯಿತು.

ಕೊಟ್ರಬಸಮ್ಮ ಬಿಲ್ವಪತ್ರೆಯನ್ನು ಜಗಲಿಯ ಮೇಲಿಟ್ಟು ನೆಲದ ಮೇಲೆ ಕೂತರು. "ಡಬ್ಬಿ ನೋಡಿದ್ರ ಬರ್ತೈತಿ. ಮೊದಲು ಎಲುಬು ಅಂತ ಇಟ್ಟಿದ್ದೆ. ಈಗ ಯಾತಕ್ಕ ಇಟ್ಟೀನಿ ಅಂತ ನನಗ ತಿಳೀವಲ್ದು."

"ನನಗ ಒಂದು ಮಾತು ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ ನೀವ ಹೇಳ್ರಿ. ಅಷ್ಟು ಮಂದಿ ಮುಂದ ಕುರ್ಚಿ ಮ್ಯಾಲೆ ಕುಂದರ್ಸಿ, ಶಾಲು ಹೊದಿಸಿ, ಈಕಿ ಪೂರ್ತಿ ಆರಾಮ ಆಗ್ಯಾಳ ಅಂದ್ರಿ. ಮತ್ತ ಆರಾಮಿಲ್ಲ ಅಂತ ನಿಮ್ಮ ಮುಂದ ಬಂದು ನಿಂದ್ರಾಕ ನನಗ ಮುಖ ಎಲ್ಲೈತಿ?"

ಅವರ ಪಕ್ಕಕ್ಕೆ ಹೋಗಿ ಕೂತೆ, ಅಳು ಬಂತು, ಅತ್ತುಬಿಟ್ಟೆ. ರೋಗಿಯ ಮುಂದೆ ಅಳಬಾರದು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಹೇಳಲಿ ಬಿಡಿ.

ಈಗಲೇ ಬಳ್ಳಾರಿಗೆ, ಡಾಕ್ಟರ ಹತ್ತಿರ ಹೋಗೋಣ ಅಂದೆ. ಸಂಜೆಯ ಪೂಜೆಯಾಗದೆ ಮನೆ ಬಿಡುವುದಿಲ್ಲ ಎಂದು ಅವರು ಹಟ ಹಿಡಿದರು. ಲಿಂಗ ನಿಮ್ಮ ಜೊತೆಗೇ ಬರುತ್ತದಲ್ಲ, ಪೂಜೆ ಬಳ್ಳಾರಿಯಲ್ಲೇ ಮಾಡಿ ಎಂದು ನಾನು ಹಟ ಹಿಡಿದೆ. ನಮ್ಮ ಗಾಡಿಯ ಡ್ರೈವರ್ ಎರ್ರಿಸ್ವಾಮಿ ಬಾಗಿಲಿಗೇ ತಂದು ನಿಲ್ಲಿಸಿದ. ಸುಧಾರಾಣಿ ಅತ್ತೆಯ ಪೂಜೆಯ ಚೀಲವನ್ನೂ ಎರಡು ಸೀರೆಯನ್ನೂ ಹಿಡಿದು ಹತ್ತಿದಳು. ಅತ್ತೆ ಅವಳ ಜೊತೆ ಮಾತು ಬಿಟ್ಟಿದ್ದು ದಾರಿಯಲ್ಲಿ ಸಿಗುವ ಕೋಳೂರಿನ ತನಕ ಮಾತ್ರ. ಅಲ್ಲಿಂದ ಮುಂದೆ ಅವಳ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು.

ಡಾಕ್ಟರ್ ಸಂಗಮೇಶ್ ಎಲ್ಲ ಕೇಳಿಸಿಕೊಂಡು ನಾಲ್ಕೈದು ದಿನ ಆಸ್ಪತ್ರೆಯಲ್ಲಿ ಇರಲಿ ಅಂದರು. ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಕೊಟ್ರಬಸಮ್ಮನಿಗೆ, "ಹಲಕುಂದಿ ಮಠದ ಸ್ವಾಮಿಗಳ ಕಡೆಯಿಂದ ಒಂದು ಮಾತು ಹೇಳಿಸೋಣೇನಮ್ಮ? ಔಷಧಕ್ಕ ದೋಷ ಇಲ್ಲ ಅಂತ ಅವರು ಹೇಳಿದ್ರ ನುಂಗ್ತೀರೇನು?" ಅಂದರು.

"ಸ್ವಾಮಿಗಳು ಹೂಂ ಅಂದ್ರ ಎಲುಬು ಹೋಗಿ ಬೆಲ್ಲ ಆಕೈತೇನ್ರಿ?" ಅಂದರು ಕೊಟ್ರಬಸಮ್ಮ. ಅಂಥ ಸ್ಥಿತಿಯಲ್ಲೂ ಆ ಮಾತು ಬಂತಲ್ಲ ಎಂದು ನನಗೆ ಧೈರ್ಯ ಬಂತು. ಈ ಹೆಂಗಸು ಉಳಿಯುತ್ತಾರೆ ಎಂದು ನನಗೆ ಖಾತ್ರಿಯಾದದ್ದು ಆ ಗಳಿಗೆಯಲ್ಲಿ.

ಡಾಕ್ಟರು ನಕ್ಕು, ಅದೇ ಔಷಧಿ ಸಿಪ್ಪೆಯಿಲ್ಲದ ಬಿಳಿ ಗುಳಿಗೆಯಾಗಿಯೂ ಸಿಗುತ್ತದೆ ಎಂದು ಬರೆದುಕೊಟ್ಟರು.

"ಇದರಾಗೇನೇನೈತಿ?" ಕೊಟ್ರಬಸಮ್ಮ ಕೇಳಿದ್ದು ನನ್ನನ್ನು. ಡಾಕ್ಟರು ನನಗೆ ಕಣ್ಣಲ್ಲೇ ಎಚ್ಚರಿಕೆ ಕೊಟ್ಟರು.

"ನನಗ ಗೊತ್ತಿಲ್ಲಕ್ಕಾ. ಕೇಳಿಕೊಂಡು ಬಂದು ಹೇಳ್ತೀನಿ" ಅಂದೆ.

ಕೌಲ್ ಬಜಾರಿನ ಒಂದು ಹಳೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ಕನ್ನಡಕ ಏರಿಸಿ ಪೆಟ್ಟಿಗೆಯೊಳಗಿನ ಚೀಟಿ ಓದಿದರು, ಅನುಮಾನ ಬಂದು ಕಂಪನಿಗೇ ಫೋನ್ ಹಚ್ಚಿದರು, ಅರ್ಧ ತಾಸು ಉರ್ದುವಿನಲ್ಲೂ ತೆಲುಗಿನಲ್ಲೂ ಜಗಳಾಡಿ ಉತ್ತರ ಪಡೆದರು. ಮೆಕ್ಕೆಜೋಳದ ಹಿಟ್ಟು, ಔಷಧಿ, ಒಂದಿಷ್ಟು ಕಲ್ಲಿನ ಪುಡಿ. ಪ್ರಾಣಿಯದು ಏನೂ ಇಲ್ಲ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟರು. ಕೊಟ್ರಬಸಮ್ಮ ಆ ಕಾಗದವನ್ನು ಸುಧಾರಾಣಿಯಿಂದ ಎರಡು ಸಲ ಓದಿಸಿದರು. ಆಸ್ಪತ್ರೆಯ ಮಂಚದ ಮೇಲೇ ಪೂಜೆ ಮುಗಿಸಿ, ಗುಳಿಗೆ ನುಂಗಿದರು.

ಇನ್ನು ಉಳಿದವರು. ಗುಂಪಿನಲ್ಲಿ ಲಿಂಗ ಕಟ್ಟಿದ ಉಳಿದ ಐವರಲ್ಲಿ ಮೂವರಿಗೆ ಅದೇ ಹಸಿರು ಕ್ಯಾಪ್ಸೂಲ್. ಅವರಿಗೆ ಅಂದೇ ಫೋನ್ ಮಾಡಿದೆ. ಮೂವರೂ, "ಆರಾಮ ಅದೀವ್ರಿ, ತಗೊಂತೀವ್ರಿ" ಅಂದರು. ಆ ಮಾತನ್ನು ನಂಬುವ ಕಾಲ ಮುಗಿದಿತ್ತು. ಮರುದಿನ ಸಿರುಗುಪ್ಪದ ಕೆಲಸ ಬೇಗ ಮುಗಿಸಿ, ಮೂವರ ಮನೆಗೂ ಹೋಗಿ ಎದುರು ಕೂತು ಕೇಳಿದೆ. ಅದೇ ಉತ್ತರ. ಸಾಯುವ ಯೋಚನೆಯಿಲ್ಲ ಅಂದರು, ಆ ಮಾತು ಮಾತ್ರ ನಿಜವೆನಿಸಿತು. ಗುಳಿಗೆಯ ಮಾತು ಬಂದಾಗ ಮೂವರೂ ಸೆರಗು ಸರಿಮಾಡಿಕೊಂಡರು.

ಕೊಟ್ರಬಸಮ್ಮ ಶನಿವಾರ ಮನೆಗೆ ಬಂದರು. ಔಷಧಿ ಪೂರ್ತಿ ಹಿಡಿಯಲು ಇನ್ನೂ ವಾರಗಳು ಬೇಕಿತ್ತು. ಸೋಮವಾರ ವಿಶ್ರಾಂತಿ ತಗೊಳ್ಳಿ ಅಂದರೆ ಕೇಳಲಿಲ್ಲ, ಸುಧಾರಾಣಿಯ ಕೈ ಹಿಡಿದು ಗುಂಪಿಗೆ ಬಂದರು.

ನಾನು ಮೊದಲು ಮಾತಾಡಿದೆ. ಎಲುಬಿನ ಮಾತು ಆಡಿದವಳು ನಾನು, ಆಡಿದ ಮೇಲೆ ನಿಮಗೆಲ್ಲ ಹೇಗನಿಸಿತು ಎಂದು ಕೇಳದೆ ಎದ್ದುಹೋದವಳೂ ನಾನು, ತಪ್ಪಾಯಿತು ಅಂದೆ. ಈಗ ಬಿಳಿ ಗುಳಿಗೆ ತಂದಿದ್ದೇನೆ ಅಂದೆ. ಎಲ್ಲರೂ ಜಮಖಾನೆ ನೋಡುತ್ತ ಕೂತರು. ದುರುಗಮ್ಮ ಮಾತ್ರ, "ಮೇಡಂ ತಪ್ಪಾತು ಅಂದ್ರು, ಇವತ್ತು ಮಳಿ ಗ್ಯಾರಂಟಿ" ಅಂದಳು. ಒಂದಿಬ್ಬರು ನಕ್ಕರು. ನಾನೂ ನಕ್ಕೆ.

ಕೊಟ್ರಬಸಮ್ಮ ನಗಲಿಲ್ಲ. ಗೋಡೆ ಹಿಡಿದು ಎದ್ದು ನಿಂತರು.

"ನಾ ಆರಾಮಿಲ್ಲ" ಅಂದರು. "ಎಂಟು ವಾರ ಇಲ್ಲೇ ಕುಂತು ಆರಾಮ ಅದೀನಿ ಅಂತ ಸುಳ್ಳ ಹೇಳೀನಿ. ಗುಳಿಗಿ ಬಿಡಿಸಿ ಡಬ್ಬ್ಯಾಗ ಹಾಕಿಟ್ಟೆ. ಆ ಡಬ್ಬಿ ದಿನಾ ನನ್ನ ಕರೀತಿತ್ತು. ಸೊಸಿ ಇಲ್ಲದಿದ್ರ ಇವತ್ತು ನಾ ಇರ್ತಿದ್ದಿಲ್ಲ." ಉಸಿರು ತೆಗೆದುಕೊಂಡು ಸುತ್ತ ನೋಡಿದರು. "ನಿಮ್ಮ ಮನ್ಯಾಗೂ ಡಬ್ಬಿ ಐತಿ. ನನಗ ಗೊತ್ತೈತಿ, ನಿಮಗೂ ಒಲಿಗೆ ಹಾಕಾಕ ಬರಂಗಿಲ್ಲ, ತಿಪ್ಪಿಗೆ ಹಾಕಾಕ ಬರಂಗಿಲ್ಲ. ಏಳ್ರಿ. ಹೋಗಿ ತಗೊಂಡು ಬರ್ರಿ. ನಾ ಇಲ್ಲೇ ನಿಂತಿರ್ತೀನಿ."

ಯಾರೂ ಅಲುಗಾಡಲಿಲ್ಲ. ಅವರು ಕೂರಲೂ ಇಲ್ಲ. ಗೋಡೆಗೆ ಕೈ ಊರಿ ನಿಂತೇ ಇದ್ದರು. ಕೊನೆಗೆ ಒಬ್ಬರು ಎದ್ದು ಚಪ್ಪಲಿ ಹಾಕಿಕೊಂಡರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹೋಗುವವರ ಜೊತೆ ದುರುಗಮ್ಮನೂ ಎದ್ದು ಹೋದಳು. ಯಾರಿಗೋ ಜೊತೆ ಹೋಗಿದ್ದಾಳೆ ಎಂದುಕೊಂಡೆ.

ಕಾಲು ಗಂಟೆಯಲ್ಲಿ ಮೂವರೂ ಬಂದರು. ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಅರಿಶಿನದ ಭರಣಿ, ಒಂದು ಹಳೆಯ ಪರ್ಸು. ಜಮಖಾನೆಯ ನಡುವೆ ಇಟ್ಟು ಸದ್ದಿಲ್ಲದೆ ತಮ್ಮ ಜಾಗದಲ್ಲಿ ಕೂತರು. ನಾನು ನಿಟ್ಟುಸಿರು ಬಿಟ್ಟೆ. ನನಗೆ ಗೊತ್ತಿದ್ದ ಮೂವರು, ಮೂರು ಗಂಟು. ಕೆಲಸ ಮುಗಿಯಿತು ಅಂದುಕೊಂಡೆ.

ಆಗ ದುರುಗಮ್ಮ ಬಂದಳು. ಬಾಗಿಲಲ್ಲೇ ನಿಂತಳು. ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು, ಅದನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ನಿನಗ್ಯಾಕ ದುರುಗಮ್ಮ?" ಅಂದೆ. "ನಿನಗ ಎಲುಬಿನ ತಂಟಿ ಇಲ್ಲಲ್ಲ."

"ಎಲುಬಿಗಲ್ರಿ ಮೇಡಂ." ಅವಳ ದನಿಯಲ್ಲಿ ನಗುವಿನ ಚೂರೂ ಇರಲಿಲ್ಲ. "ನಾ ಬ್ಯಾರೇದಕ್ಕ ಕೂಡಿಸ್ತಿದ್ದೆ."

ಆ ಮಂಗಳವಾರ ನಾನು ಯಾರ್ಯಾರ ಮನೆ ಬಾಗಿಲು ತಟ್ಟಿದ್ದೆ, ಅವಳ ಮನೆಯ ಮುಂದೆ ಎರಡು ಸಲ ಹಾದುಹೋಗಿದ್ದೆ. ಅವಳು ಮೀನಿನ ಬುಟ್ಟಿಯ ಮುಂದೆ ಕೂತು ನನಗೆ ಕೈ ಬೀಸಿದ್ದಳು. ನನ್ನನ್ನು ನಗಿಸುತ್ತಿದ್ದಳಲ್ಲ, ಅವಳನ್ನು ಕೇಳಬೇಕೆಂದೇ ನನಗೆ ಅನಿಸಿರಲಿಲ್ಲ.

ಎದ್ದು ಹೋಗಿ ಅವಳ ಮುಂದೆ ನಿಂತೆ. ಕೇಳಬೇಕಾದದ್ದನ್ನು ಕೇಳಿದೆ. ಅವಳು ಹೂಂ ಅಂದಳು. ಯಾವಾಗ ಎಂದು ಕೇಳಿದೆ. "ಈ ಅಮಾಸಿಗೆ ಅಂತ ಇತ್ತು" ಅಂದಳು. ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಉಳಿದಿತ್ತು. ನಾನು ಕೈ ಚಾಚಿದೆ. ಗಂಟು ಬಿಚ್ಚಲು ಅವಳ ಬೆರಳಿಗೆ ಆಗಲಿಲ್ಲ. ಸುಧಾರಾಣಿ ಬಂದು ಬಿಚ್ಚಿ, ಒಳಗಿದ್ದುದನ್ನು ನನ್ನ ಕೈಗೆ ಸುರಿದಳು.

"ಏಳು ದುರುಗಿ, ನಡಿ ಬಳ್ಳಾರಿಗೆ" ಅಂದರು ಕೊಟ್ರಬಸಮ್ಮ ಹಿಂದಿನಿಂದ. ಗೋಡೆ ಬಿಟ್ಟು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ನಾ ಹೋಗಿ ಬಂದೀನಿ. ಹೆದರೋವಂಥಾದ್ದು ಏನೂ ಇಲ್ಲಲ್ಲಿ."

"ನೀ ಯಾಕ ಬರ್ತೀ ಅಕ್ಕಾ? ನಿನಗೇ ಆರಾಮಿಲ್ಲ" ಅಂದಳು ದುರುಗಮ್ಮ.

"ಆರಾಮಿಲ್ಲದಾಕೀನ ನಿನ್ನ ಜೋಡಿ ಬರಬೇಕು. ಆರಾಮ ಇದ್ದೋರಿಗೆ ಏನು ತಿಳೀತೈತಿ?"

ಎರ್ರಿಸ್ವಾಮಿ ಗಾಡಿಯ ಬಾಗಿಲು ತೆಗೆದ. ದುರುಗಮ್ಮ ಆಗ ಅತ್ತಳು, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಜೋರಾಗಿ. ಕೊಟ್ರಬಸಮ್ಮ ಅಳಬೇಡ ಅನ್ನಲಿಲ್ಲ. ಮೊದಲು ತಾವು ಹತ್ತಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ಅವಳನ್ನು ಒಳಗೆ ಎಳೆದುಕೊಂಡರು.